ಅಂಕಮ್ಮ ಓದಿದ್ದು, ಬಾವ ಹೇಳಿದ್ದು

ಮಂಡ್ಯದ ವಾಚನಕೂಟದಲ್ಲಿ ಕೆಂಪಸಿದ್ದಯ್ಯ ಎದ್ದು ನಿಂತನೆಂದರೆ ವಕೀಲರು ಕೂಡ ಮಾತು ನಿಲ್ಲಿಸಿ ಅವನ ಕಡೆ ತಿರುಗುತ್ತಿದ್ದರು. ಅವನೇನು ದೊಡ್ಡ ಓದಿನವನಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಸಂಜೆ ಸ್ಕೂಲಿನ ಜಗಲಿಯಲ್ಲಿ ಸೇರುತ್ತಿದ್ದ ಆ ಕೂಟದಲ್ಲಿ, ಇತ್ತೀಚೆಗೆ ಓದಿದ ಕಾದಂಬರಿಯ ಬಗ್ಗೆ ಒಬ್ಬೊಬ್ಬರೂ ಎದ್ದು ಅಭಿಪ್ರಾಯ ಹೇಳಬೇಕು. ಬೇರೆಯವರು ಶೈಲಿ, ಸಂದೇಶ, ಪಾತ್ರಪೋಷಣೆ ಅಂತ ಹೇಳಿ ಕೂತರೆ ಇವನು, "ಮುನ್ನೂರು ಪುಟದ ಪುಸ್ತಕ. ಒಬ್ಬನಾದರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಇವರೆಲ್ಲ ಯಾವ ಬಲದ ಮೇಲೆ ಇಷ್ಟು ಪ್ರೇಮ ಮಾಡಿದರೋ ತಿಳಿಯಲಿಲ್ಲ" ಅನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಗುಮಾಸ್ತರಿಗೆ ಸ್ವಂತ ದೃಷ್ಟಿ ಇದೆ ಅಂತ ಅಧ್ಯಕ್ಷರು ಹೊಗಳುತ್ತಿದ್ದರು.

ಆ ಮುನ್ನೂರು ಪುಟದಲ್ಲಿ ಅವನು ಮೂರು ಪುಟವನ್ನೂ ಓದಿದವನಲ್ಲ. ಓದಿದವಳು ಆತಗೂರಿನ ಹತ್ತಿರದ ಅವನ ಊರಿನ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡಿದ್ದ ಅಂಕಮ್ಮ. ಅವನ ಸತ್ತ ತಮ್ಮನ ಹೆಂಡತಿ.

ಅಂಕಮ್ಮನ ಅಪ್ಪ ಮೂಡಲಪಾಯ ಬಯಲಾಟದ ಭಾಗವತ. ಕಣ್ಣಿಗೆ ಪೊರೆ ಬಂದು ಪ್ರಸಂಗದ ಅಕ್ಷರ ಕಾಣದಂತಾದಾಗ, ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೇ ಓದು ಕಲಿಸಿದ. ವಿದ್ಯೆಯ ಮೇಲಿನ ಆಸೆಯಿಂದಲ್ಲ, ಆಟ ನಿಲ್ಲಬಾರದು ಅಂತ. ಹಾಗಾಗಿ ಅವಳಿಗೆ ಓದುವುದೆಂದರೆ ರಾಗ ಎಳೆದು, ಊರಿಗೆಲ್ಲ ಕೇಳುವಂತೆ ಓದುವುದು. ಅತ್ತೆಯ ಮನೆಯಲ್ಲಿ ಮೊದಲ ಕಾದಂಬರಿ ಕೈಗೆ ಬಂದಾಗ, ಡಾಕ್ಟರು ಬಂದು ಕುರ್ಚಿಯಲ್ಲಿ ಕುಳಿತರು ಅನ್ನುವುದನ್ನು ರಾಕ್ಷಸ ರಂಗಕ್ಕೆ ನುಗ್ಗುವ ಧಾಟಿಯಲ್ಲಿ ಹಾಡಿದಳು.

ಅವಳ ಅತ್ತೆ ಮಂಚಮ್ಮ, "ಒಸಿ ಮೆತ್ತಗೆ ಕೂರ್ಸವ್ವ ಅವನ್ನ. ಕುರ್ಚಿ ಮುರ್ದೋದಾತು" ಅಂದಳು.

ಅಂಕಮ್ಮನ ಗಂಡ ತಿಮ್ಮಯ್ಯ ನಾಲೆ ಕೆಲಸಕ್ಕೆ ಹೋದವನು ಮಲೇರಿಯಾ ಅಂಟಿಸಿಕೊಂಡು ಬಂದು ಸತ್ತ. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಂಪಸಿದ್ದಯ್ಯ ಹೆಂಡತಿ, ಮಗಳನ್ನು ಕರೆದುಕೊಂಡು ಮಂಡ್ಯದ ಬಾಡಿಗೆ ಮನೆಯಲ್ಲಿದ್ದ. ಊರಿನ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಹುಳ.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಒಂದು ದಿನ ತಲೆ ಎತ್ತಿಕೊಂಡು ಮಿಸುಕದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದಕ್ಕೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಮನೆಯ ಹೆಂಗಸರಿಗೆ ಬಿಡುವು. ಅಂಕಮ್ಮ ಪುಸ್ತಕ ತೆಗೆಯುತ್ತಿದ್ದದ್ದು ಆಗಲೇ. ಮೊದಲ ಜ್ವರಕ್ಕೆ ಹುಟ್ಟಿದ ನಾಯಕಿ ಎರಡನೇ ಜ್ವರಕ್ಕೆ ಮದುವೆಯಾಗಿ ನಾಲ್ಕನೇ ಜ್ವರಕ್ಕೆ ಸಾಯುತ್ತಿದ್ದಳು. ಆಮೇಲೆ ಹುಳಕ್ಕೆ ಹಸಿವು ಹೆಚ್ಚಿ, ಇಬ್ಬರಿಗೂ ಸತ್ತವಳ ಬಗ್ಗೆ ಮಾತಾಡಲು ಪುರಸೊತ್ತಿರುತ್ತಿರಲಿಲ್ಲ.

ಪುಸ್ತಕ ತಂದುಕೊಡುತ್ತಿದ್ದವನು ಕೆಂಪಸಿದ್ದಯ್ಯನೇ. ಕಾರ್ಖಾನೆಯ ದೊಡ್ಡವರೆಲ್ಲ ಇರುವ ಕೂಟ ಅಂತ ಸೇರಿಕೊಂಡಿದ್ದ. ಕಬ್ಬು ಅರೆಯುವ ಕಾಲದಲ್ಲಿ ಗಾಡಿ ಸಾಲು ಕರಗುವುದೇ ಇಲ್ಲ, ಓದುವುದು ಯಾವಾಗ? ಶನಿವಾರ ರೈಲಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ನಡೆದು ಊರು ಸೇರುವನು. ಭಾನುವಾರ ಬೆಳಿಗ್ಗೆ ಅಂಕಮ್ಮನಿಂದ ಕತೆ, ಅಭಿಪ್ರಾಯ ಎರಡನ್ನೂ ಕೇಳಿಕೊಂಡು ಮತ್ತೆ ಮಂಡ್ಯದ ರೈಲು ಹತ್ತುವನು.

ಕೇಳಿಸಿಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ತಮ್ಮನ ಹೆಂಡತಿ ಬಾವನ ಎದುರು ನಿಂತು ಮಾತಾಡುವಂತಿಲ್ಲ. ಅಂಕಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವಳು, ಕೆಂಪಸಿದ್ದಯ್ಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂರುವನು, ಮಂಚಮ್ಮ ಹೊಸಿಲ ಮೇಲೆ. ಮಾತು ಮಂಚಮ್ಮನ ಮೂಲಕವೇ ಹೋಗಬೇಕು, ಬರಬೇಕು. ಮೂವರ ನಡುವೆ ಎರಡು ಮಾರು ಜಾಗ. ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು.

"ಅತ್ತೆ, ಬಾವಂಗೆ ಯೋಳಿ. ಈ ಪುಸ್ತಕ್ದಲ್ಲಿ ಎಲ್ರೂ ಸ್ಯಾನೆ ನಿಟ್ಟುಸಿರು ಬುಡ್ತಾರೆ. ಕೆಲ್ಸ ಮಾಡೋರು ಯಾರೂ ಇಲ್ಲ."

"ಕೇಳುಸ್ತೇನ್ಲಾ? ಕೆಲ್ಸ ಮಾಡೋರು ಯಾರೂ ಇಲ್ವಂತೆ."

"ಕೇಳುಸ್ತು ಕಣವ್ವ. ಕೊನೆ ಎಂಗೆ ಅಂತ ಕೇಳು."

ಮಂಚಮ್ಮ ಬರೀ ದಾಟಿಸಿ ಸುಮ್ಮನಾಗುವ ಹೆಂಗಸಲ್ಲ. ಸೊಸೆ ಒಂದು ಹೇಳಿದರೆ ತನ್ನದು ಅರ್ಧ ಸೇರಿಸುತ್ತಿದ್ದಳು. ಯಾರೂ ಉಣ್ಣಲಿಲ್ಲ ಅನ್ನುವುದು ಅಂಕಮ್ಮನ ಮಾತು. ಯಾವ ಬಲದ ಮೇಲೆ ಪ್ರೇಮ ಮಾಡಿದರು ಅನ್ನುವುದು ಮಂಚಮ್ಮ ಸೇರಿಸಿದ್ದು. ಮಂಡ್ಯದಲ್ಲಿ ಎರಡೂ ಕೆಂಪಸಿದ್ದಯ್ಯನದೇ.

ಅಂಕಮ್ಮ ಹೇಳಿದ್ದೆಲ್ಲ ಸರಿ ಅಂತೇನಿಲ್ಲ. ಅತ್ತೆ ಸೊಸೆ ಪುಸ್ತಕಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದರು. ಅದರಲ್ಲಿ ಅರಮನೆ ಪುಸ್ತಕ ಅಂತ ಒಂದು. ರಾಜಕುಮಾರ ಮಾಲಿಯ ವೇಷ ಹಾಕಿಕೊಂಡು ಬರುವ, ಸಂತೆಯಲ್ಲಿ ಮಾರುವ ಅಗ್ಗದ ಕತೆ. ಅದಕ್ಕೆ ಇಬ್ಬರೂ ಗೊಳೋ ಅಂತ ಅತ್ತಿದ್ದರು. ಕೆಂಪಸಿದ್ದಯ್ಯ ಅದನ್ನು ನಂಬಿ ಕೂಟದಲ್ಲಿ ಹೊಗಳಿ, ನಗೆಪಾಟಲಾಗಿ ಬಂದ.

"ಅದು ಕೀಳು ಪುಸ್ತಕವಂತೆ ಕಣವ್ವ. ನನ್ನ ಮಾನ ಓಯ್ತು."

ಬಾಗಿಲ ಹಿಂದಿನಿಂದ ಬಂತು: "ಬಾವಂಗೆ ಯೋಳಿ ಅತ್ತೆ. ಕೀಳಾದ್ರೂ ನಾನ್ ಅತ್ತಿದ್ದು ನಿಜ."

ಗೂಡು ಕೊಳ್ಳಲು ಮದ್ದೂರಿನಿಂದ ಖಾಸಿಂ ಬರುತ್ತಿದ್ದ. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಅವನ ಗಾಡಿ ಹೊಡೆಯಲು ಮಳವಳ್ಳಿ ತಾಲೂಕಿನ ಪೂರಿಗಾಲಿಯ ಬೋರಯ್ಯ ಅನ್ನುವವನು ಸೇರಿಕೊಂಡ. ನಲವತ್ತೆರಡರ ಚಳುವಳಿಯಲ್ಲಿ ಈಚಲು ಮರ ಕಡಿದು ಜೈಲು ಸೇರಿ ಬಂದಿದ್ದವನು. ಜೈಲಿಗೆ ಹೋದವರೆಲ್ಲ ಆಮೇಲೆ ಭಾಷಣ ಮಾಡಿದರು. ಇವನು ಮಾಡಲಿಲ್ಲ, ಗಾಡಿ ಹೊಡೆದ. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು, ಮಗುವೂ ಉಳಿದಿರಲಿಲ್ಲ.

ಒಂದು ಸಲ ಖಾಸಿಂ ಒಳಗೆ ಗೂಡು ಆರಿಸುತ್ತಿದ್ದಾಗ ಬೋರಯ್ಯ ಜಗಲಿಯ ಮೇಲೆ ಕೂತಿದ್ದ. ಗೋಡೆಯ ಗೂಡಿನಲ್ಲಿದ್ದ ಪುಸ್ತಕ ಕಂಡು, "ಈ ಮನೇಲಿ ಓದೋರು ಅವ್ರಾ?" ಅಂದ.

"ನನ್ನ ಸೊಸೆ ಓದ್ತಾಳೆ. ಯಾಕಪ್ಪ?" ಅಂದಳು ಮಂಚಮ್ಮ.

"ಜೈಲಲ್ಲಿ ಒಬ್ರು ಮೇಷ್ಟ್ರು ದಿನಾ ಸಂಜೆ ಕತೆ ಓದ್ತಿದ್ರು ಕಣವ್ವ. ಮನೇಲಿ ಜಗಳ ಆಡ್ಕೊಂಡು ಒಬ್ಳು ಹುಡುಗಿ ಗೊತ್ತಿಲ್ದೋನ ಜೊತೆ ರೈಲು ಹತ್ತುದ್ಲು. ರೈಲು ಒಂಟ್ತು. ಅಷ್ಟೊತ್ಗೆ ನನ್ನ ಬುಟ್ಬುಟ್ರು, ಮನೆಗೆ ಓಗು ಅಂತ. ಇನ್ನೊಂದು ವಾರ ಇರ್ತೀನಿ ಅಂದ್ರೆ ಜೈಲರು ಬೈದು ಕಳುಸ್ದ. ಆ ಹುಡುಗಿ ಏನಾದ್ಲೋ."

ಅದು ಅಂಕಮ್ಮ ಓದಿದ್ದ ಪುಸ್ತಕವೇ. ಅಭ್ಯಾಸಬಲ, ಬಾಗಿಲ ಹಿಂದಿನಿಂದಲೇ ಅಂದಳು: "ಅತ್ತೆ, ಅವರ್ಗೆ ಯೋಳಿ. ಅವ್ಳು ಮುಂದಿನ ಸ್ಟೇಷನ್ನಲ್ಲೇ ಇಳ್ದು ಅವರಮ್ಮನ ಮನೆಗೆ ಓದ್ಲು."

ಬೋರಯ್ಯ ಬಾಗಿಲ ಕಡೆ ನೋಡಿದ. "ಅಷ್ಟೇನಾ? ಇದಕ್ಕೆ ನಾನು ಎಂಟು ತಿಂಗ್ಳು ತಲೆ ಕೆಡುಸ್ಕೊಂಡ್ನಾ?"

ಒಳಗಿನಿಂದ ನಗು ಬಂತು. ಅದನ್ನು ದಾಟಿಸುವ ಅಗತ್ಯ ಮಂಚಮ್ಮನಿಗೆ ಬೀಳಲಿಲ್ಲ. ಮುಂದಿನ ಬೆಳೆಗೆ ಅವನು ಬಂದಾಗ ಅಂಕಮ್ಮ ಹೊರಗೇ ಬಂದು ಮಾತಾಡಿದಳು. ಇವನೇನು ಬಾವನಲ್ಲವಲ್ಲ. ಅದರ ಮುಂದಿನ ಬೆಳೆಗೆ, ತಕ್ಕಡಿ ಕೆಳಗಿಟ್ಟು ಖಾಸಿಂ ಮಂಚಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಬೈಬಾರ್ದು. ಬೋರಯ್ಯ ನಿಮ್ಮ ಸೊಸೇನ ಕೇಳ್ತಾವ್ನೆ. ನಾನು ಸಾಬ, ನಿಮ್ ನಿಮ್ಮೊಳಗಿನ ಮಾತಿಗೆ ನಾನ್ಯಾಕಪ್ಪ ಅಂದೆ. ನಿಂಗೆ ಬಾಯದೆ, ಓಗು ಅಂದ."

ಮಂಚಮ್ಮ ಒಳಗೆ ಬಂದು ಸೊಸೆಯನ್ನು ನೇರವಾಗಿ ಕೇಳಿದಳು: "ನೀನೇನಂತೀಯೆ?"

"ನನ್ನ ಕೇಳುದ್ರೆ ಓಗ್ತೀನಿ ಅಂತೀನಿ" ಅಂದಳು ಅಂಕಮ್ಮ. ಒಲೆಯಲ್ಲಿ ಮುದ್ದೆಯ ಎಸರು ಕುದಿಯುತ್ತಿತ್ತು. ಅದರ ಕಡೆಯೇ ನೋಡುತ್ತ, "ಆದ್ರೆ ಕೇಳ್ಬೇಕಾದ್ದು ಬಾವನ್ನಲ್ವಾ?" ಅಂದಳು.

ಗಂಡ ಸತ್ತವಳನ್ನು ಇನ್ನೊಬ್ಬ ಹೊಸ ಸೀರೆ ಕೊಟ್ಟು ಕರೆದೊಯ್ಯುವುದಕ್ಕೆ ಉಡಿಕೆ ಅನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ಧಾರೆಯಿಲ್ಲ. ದೀಪ ಹಚ್ಚಿದ ಮೇಲೆ ನಾಲ್ಕು ಜನ ಕುಲಸ್ಥರ ಮುಂದೆ ಸೀರೆ ಉಡಿಸಿ ತಾಳಿ ಕಟ್ಟಿದರೆ ಮುಗಿಯಿತು. ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ಉಡಿಕೆಯಾದವಳು ಮುಂದೆ ಯಾರ ಮದುವೆಯಲ್ಲೂ ಹಸೆಯ ಹತ್ತಿರ ನಿಲ್ಲುವಂತಿಲ್ಲ. ಆದರೆ ಅವಳಿಗೆ ಮನೆ ಇರುತ್ತದೆ, ಗಂಡ ಇರುತ್ತಾನೆ, ಮಕ್ಕಳಾಗುತ್ತವೆ. ನಮ್ಮ ಸೀಮೆಯ ಬೇಸಾಯದವರ ಮನೆಗಳಲ್ಲಿ ಇದು ಇದ್ದದ್ದೇ. ಮಂಚಮ್ಮನೇ ಉಡಿಕೆಯವಳು. ಮೊದಲ ಗಂಡ ಪ್ಲೇಗಿನಲ್ಲಿ ಸತ್ತ ಮೇಲೆ ಈ ಮನೆಗೆ ಬಂದು ಇಬ್ಬರು ಗಂಡುಮಕ್ಕಳನ್ನು ಹೆತ್ತಳು.

ಆ ಇಬ್ಬರಲ್ಲಿ ಒಬ್ಬ ಕೆಂಪಸಿದ್ದಯ್ಯ. ಮಂಡ್ಯಕ್ಕೆ ಹೋದ ಮೇಲೆ ಅವನು ಈ ವಿಷಯವನ್ನು ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದ. ಗಂಡಿನ ಕಡೆಯವರು ಸರ್ಕಾರಿ ನೌಕರಿಯವರು, ಕುಲಗೋತ್ರ ಕೆದಕುವವರು. ಬೋರಯ್ಯನ ಮಾತು ಕಿವಿಗೆ ಬೀಳುತ್ತಲೇ ಎಗರಾಡಿದ.

"ನಮ್ಮ ಮನೇಲಿ ಉಡಿಕೆ ನಿಂತೋಯ್ತು ಕಣವ್ವ. ಮರ್ಯಾದಸ್ತರು ಯಾರೂ ಈಗ ಮಾಡ್ತಿಲ್ಲ."

"ಯಾವಾಗ್ಲಾ ನಿಂತೋಗಿದ್ದು?"

"ಈಗ. ನಿಂದೇ ಕೊನೆ."

ಮಂಚಮ್ಮನಿಗೆ ಆ ಮಾತು ಎಲ್ಲಿ ನಾಟಿತೋ, ಎದ್ದು ಹಿತ್ತಲಿಗೆ ಹೋದಳು. ಅಂಕಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವನ ಕಾರಣಗಳಲ್ಲಿ ಅವನು ಹೇಳದ ಇನ್ನೊಂದು ಇದೆ ಅಂತ ಅವಳಿಗೆ ಗೊತ್ತಿತ್ತು. ಅವಳು ಹೋದರೆ ಅವನ ಪುಸ್ತಕ ಓದುವವರು ಯಾರು? ಹೇಳಿ ಪ್ರಯೋಜನವಿರಲಿಲ್ಲ. ಹುಳಕ್ಕೆ ಸೊಪ್ಪು ಕೊಯ್ಯಲು ಹೊಲಕ್ಕೆ ಹೋದಳು. ಕುಕ್ಕೆ ತುಂಬಿದ ಮೇಲೂ ಸುಮಾರು ಹೊತ್ತು ಬರಲಿಲ್ಲ.

ಮುಂದಿನ ಸಲ ಕೆಂಪಸಿದ್ದಯ್ಯ ಒಂದು ಪುಸ್ತಕವನ್ನು ಆರಿಸಿಯೇ ತಂದ. "ಇದ ಓದ್ಲಿ. ಒಳ್ಳೆ ಪುಸ್ತಕ. ಮನಸ್ಸಿಗೆ ಸಮಾಧಾನ ಆಯ್ತದೆ" ಅಂತ ಅವ್ವನ ಕೈಗೆ ಕೊಟ್ಟ. ಅತ್ತೆ ಸೊಸೆ ಅದಕ್ಕೆ ತುಳಸಿಕಟ್ಟೆ ಪುಸ್ತಕ ಅಂತ ಹೆಸರಿಟ್ಟರು. ಅದರ ನಾಯಕಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡವಳು. ಒಬ್ಬ ಯೋಗ್ಯ ಹುಡುಗ ಮೂರು ಸಲ ಬಾಗಿಲಿಗೆ ಬಂದು ಮದುವೆಯಾಗುತ್ತೇನೆ ಅನ್ನುತ್ತಾನೆ. ಮೂರು ಸಲವೂ ಅವಳು ಒಲ್ಲೆ ಅಂದು ತುಳಸಿಕಟ್ಟೆ ಸುತ್ತುತ್ತಾಳೆ. ಮಾವನ ಸೇವೆ ಮಾಡುತ್ತ ಮಾಡುತ್ತ ಕ್ಷಯ ಹಿಡಿದು, ನಲವತ್ತು ಪುಟ ಕೆಮ್ಮಿ, ಮಾವನ ಪಾದ ಮುಟ್ಟಿ ಸಾಯುತ್ತಾಳೆ. ಊರೆಲ್ಲ ದೇವತೆ ಅನ್ನುತ್ತದೆ.

ನಾಲ್ಕನೇ ಜ್ವರದ ದಿನ ಕೊನೆಯ ಪುಟ ಓದಿ ಅಂಕಮ್ಮ ಪುಸ್ತಕ ಮಡಚಿದಳು. ಯಾವ ಪುಸ್ತಕವನ್ನಾದರೂ ಬೈದು ಇಲ್ಲ ಹೊಗಳಿ ಎದ್ದು ಹೋಗುವವಳು ಆವತ್ತು ನೇರ ಹುಳದ ಹತ್ತಿರ ಹೋಗಿ ಕೂತಳು.

ಭಾನುವಾರ ಬೆಳಿಗ್ಗೆ ಕೆಂಪಸಿದ್ದಯ್ಯ ಚಾಪೆಯ ಮೇಲೆ ಕೂತ. ಮಂಚಮ್ಮ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕತೆ ದಾಟಿ ಬಂತು.

"ಸರಿ, ಕತೆ ಆಯ್ತು. ಅಭಿಪ್ರಾಯ ಏನಂತೆ ಕೇಳು."

"ಅತ್ತೆ, ಬಾವಂಗೆ ಯೋಳಿ. ಬರ್ದಿರೋದು ಚೆಂದಾಗದೆ."

"ಬರ್ದಿರೋದು ಚೆಂದಾಗದಂತೆ ಕಣ್ಲಾ."

"ಕೇಳುಸ್ತು. ಅಷ್ಟು ಸಾಲ್ದು ಕಣವ್ವ, ಎಲ್ರೂ ಅದ್ನೇ ಅಂತಾರೆ. ಆ ಹುಡುಗಿ ಮಾಡಿದ್ದರ ಬಗ್ಗೆ ಏನಂತಾಳೆ?"

ಬಾಗಿಲ ಹಿಂದೆ ಅಂಕಮ್ಮ ಎರಡು ಕಡೆಯೂ ತೂಗಿ ನೋಡಿದಳು. ಸರಿ ಮಾಡಿದಳು ಅಂದರೆ ತನ್ನ ಬಾಗಿಲು ತಾನೇ ಮುಚ್ಚಿಕೊಂಡ ಹಾಗೆ. ತಪ್ಪು ಮಾಡಿದಳು ಅಂದರೆ ಗಂಡು ಬೇಕು ಅಂತ ಬಾವನ ಮುಂದೆ ಕೂಗಿ ಹೇಳಿದ ಹಾಗೆ. ಪುಸ್ತಕದ ಮೇಲೆ ಎರಡು ಮಾತಾಡುವುದು ಇಷ್ಟು ಕಷ್ಟವಾದೀತು ಅಂತ ಅವಳು ಎಣಿಸಿರಲಿಲ್ಲ.

ಹೊಸಿಲ ಮೇಲೆ ಒಂದು ಅವರೆಕಾಯಿ ಸಿಡಿಯಿತು. ಆಮೇಲೆ ಮಂಚಮ್ಮನ ದನಿ ಎದ್ದಿತು.

"ಅವ್ಳು ಯೋಳ್ತಾವ್ಳೆ ಕೇಳ್ಲಾ. ಆ ಹುಡುಗಿ ತಾನಾಗಿ ಸಾಯಲಿಲ್ವಂತೆ, ಸಾಯುಸುದ್ರಂತೆ. ಆ ಮಾವ ಅನ್ನೋ ಮುದಿಯಂಗೆ ಕಾಲು ಒತ್ತಕ್ಕೆ ಒಬ್ಳು ಬೇಕಿತ್ತು. ಅದಕ್ಕೆ ಮಡಿಕ್ಕಂಡ. ತ್ಯಾಗ ಅಂತ ಯೆಸರಿಟ್ಟ. ಬಾಗಿಲ್ಗೆ ಬಂದ ಹುಡುಗುನ್ನ ಕೂರುಸಿ ಒಂದು ಲೋಟ ಮಜ್ಜಿಗೆ ಕೊಟ್ಟು ಮಾತಾಡಿದ್ರೆ ಆ ಎಣ್ಣು ಬದುಕ್ತಿತ್ತು. ಕಳ್ಸೋದು ಬುಟ್ಟು ಸತ್ಮೇಲೆ ದೇವತೆ ಅಂದ್ರಂತೆ, ಥೂ."

ಅಂಕಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಒಳಗಿನಿಂದ ಒಂದು ಅಕ್ಷರವೂ ಹೋಗಿರಲಿಲ್ಲ. ಎರಡು ಮಾರು ದೂರದಲ್ಲಿ ಕೂತ ಕೆಂಪಸಿದ್ದಯ್ಯನಿಗೂ ಅದು ಗೊತ್ತು. ಇನ್ನೇನು ಎದ್ದು ಕೂಗಾಡುತ್ತಾನೆ ಅಂತ ಕಾದಳು.

"ಕಾಲು ಒತ್ತಕ್ಕೆ ಮಡಿಕ್ಕಂಡ, ತ್ಯಾಗ ಅಂತ ಯೆಸರಿಟ್ಟ" ಅಂತ ಕೆಂಪಸಿದ್ದಯ್ಯ ಮೆಲ್ಲಗೆ ಅಂದುಕೊಂಡ. "ಇದು ಪರವಾಗಿಲ್ಲ." ಇನ್ನೊಂದು ಸಲ ಬಾಯಿಪಾಠ ಮಾಡಿ, ಕೋಟು ತೊಟ್ಟು, ರೈಲಿಗೆ ಹೊರಟ.

ಆ ಮಾತು ತನಗೇ ಬಿದ್ದದ್ದು ಅಂತ ಅವನಿಗೆ ಅರ್ಥವಾಗಲಿಲ್ಲ ಅಂದರೆ ನಂಬಬೇಕು. ಅದು ಪುಸ್ತಕದ ವಿಷಯ. ಪುಸ್ತಕದಲ್ಲಿ ನಡೆಯುವುದು ಜಾತಿಯಲ್ಲಿ ಮೇಲಿನವರ ಮನೆಗಳಲ್ಲಿ. ಅಲ್ಲಿ ಅದಕ್ಕೆ ವಿಧವಾ ವಿವಾಹ ಅಂತ ಕರೆದು ಭಾಷಣ ಮಾಡುತ್ತಾರೆ, ಅದು ಸುಧಾರಣೆ. ನಮ್ಮಲ್ಲಿ ತಾತ ಮುತ್ತಾತನ ಕಾಲದಿಂದ ಮಾಡಿಕೊಂಡು ಬಂದದ್ದು ಮಾತ್ರ ಉಡಿಕೆ, ಅದು ಅವಮಾನ. ಇವೆರಡೂ ಒಂದೇ ಅಂತ ಕೋಟು ತೊಟ್ಟ ಮೇಲೆ ಎಷ್ಟು ಜನರಿಗೆ ಕಾಣುತ್ತಿರಲಿಲ್ಲ ಅಂತ ಆ ಕಾಲದಲ್ಲಿ ಸಭೆ ಸಮಾರಂಭ ಓಡಾಡಿದವರಿಗೆ ಗೊತ್ತು.

ಆ ವಾರವೇ ಗೂಡು ಬಿಡಿಸಿದರು. ಖಾಸಿಂ ಗಾಡಿಯಿಂದ ಇಳಿದವನು ತಕ್ಕಡಿಯನ್ನೂ ತೆಗೆಯದೆ ಮಂಚಮ್ಮನ ಮುಂದೆ ನಿಂತ. ಬೋರಯ್ಯ ಹಿಂದೆ ಎತ್ತಿನ ಕೊರಳು ತುರಿಸುತ್ತಿದ್ದ.

"ಅವ್ವಾ, ನಿಮ್ ಮಗ ಮಂಡ್ಯದಲ್ಲಿ ಏನ್ ಮಾತಾಡಿದ್ರು ಗೊತ್ತಾ! ಭಾನುವಾರ ನಾವಿಬ್ರೂ ಸ್ಕೂಲ್ ಮುಂದೆ ಕಳ್ಳೇಕಾಯಿ ತಿಂತಾ ನಿಂತಿದ್ವಿ. ಒಬ್ಬೊಬ್ರೂ ಎದ್ದು ಆ ಹುಡುಗಿ ದೇವತೆ, ದೇವತೆ ಅಂತಾವ್ರೆ. ನಿಮ್ ಮಗ ಎದ್ರು. ಇದು ತ್ಯಾಗ ಅಲ್ಲ, ಮನೆಯೋರ ಸ್ವಾರ್ಥ ಅಂದ್ರು. ಕಾಲು ಒತ್ತುಸ್ಕೊಳ್ಳಕ್ಕೆ ಇಟ್ಕೊಂಡ್ರು ಅಂದ್ರು. ವಿಧವಾ ವಿವಾಹಕ್ಕೆ ಅಡ್ಡ ನಿಲ್ಲೋನು ಮನುಷ್ಯನೇ ಅಲ್ಲ ಅಂತ ಮೇಜು ಗುದ್ದುದ್ರು. ಏನ್ ಚಪ್ಪಾಳೆ! ಅಧ್ಯಕ್ಷರು ಎದ್ ಬಂದು ಕೈ ಕುಲುಕುದ್ರು."

ಮೇಜು ಗುದ್ದಿದ್ದು, ಮನುಷ್ಯನೇ ಅಲ್ಲ ಅಂದದ್ದು ಎರಡೂ ಕೆಂಪಸಿದ್ದಯ್ಯ ಸ್ವಂತ ಸೇರಿಸಿದ್ದು. ಅವ್ವನ ಮಗ.

"ಈ ಬೋರ ನನ್ನ ಕೇಳ್ತಾನೆ, ನಮ್ಮನ್ನ ಬ್ಯಾಡ ಅಂದೋರು ಇವ್ರೇನಾ ಅಂತ. ಅವ್ರೇ ಕಣ್ಲಾ, ಕೋಟು ಬೇರೆ ಅಂದೆ."

ಮಂಚಮ್ಮ ನಗಲಿಲ್ಲ. ಗೂಡು ತೂಗಿಸಿ ಕಳಿಸಿದಳು. ಒಳಗೆ ಬಂದು ಅಂಕಮ್ಮನಿಗೆ, "ಪೆಟ್ಟಿಗೇಲಿ ನನ್ನ ಕೆಂಪು ಕಡ್ಡಿ ಸೀರೆ ಅದೆ. ಒಗ್ದು ಹಾಕು" ಅಂದಳು.

ಮುಂದಿನ ಕೂಟದ ಭಾನುವಾರ ಕೆಂಪಸಿದ್ದಯ್ಯ ಎಂದಿನಂತೆ ಚಾಪೆಯ ಮೇಲೆ ಕೂತ. ಈ ಸಲದ್ದು ಬಾವಿ ಪುಸ್ತಕ. ಮಂಚಮ್ಮ ಹೊಸಿಲ ಮೇಲೆ ಕೂರಲಿಲ್ಲ. ಕೆಂಪು ಕಡ್ಡಿ ಸೀರೆ ಉಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಎಲ್ಗೆ ಒಂಟೆ ಅವ್ವ?"

"ಮಂಡ್ಯಕ್ಕೆ. ನಿನ್ ಜೊತೆ. ಅಭಿಪ್ರಾಯ ಯೋಳಕ್ಕೆ."

"ನಿಂಗೇನಾರೂ ತಲೆ ಕೆಟ್ಟದಾ?"

"ಓದಿದೋರು ಯೋಳ್ಬೇಕು ಅಂತಲ್ವಾ ಅಲ್ಲಿ? ನಾನು ಓದಿಲ್ಲ, ಕೇಳಿವ್ನಿ. ನೀನು ಅದೂ ಇಲ್ಲ. ಎದ್ದು ನಿಂತು ಮೊದ್ಲು ನನ್ನ ಯೆಸರು ಯೋಳ್ತೀನಿ. ಮಂಚಮ್ಮ, ಉಡಿಕೆಯವಳು, ಈ ಗುಮಾಸ್ತ ನನ್ನ ಮಗ ಅಂತೀನಿ. ಆಮೇಲೆ ಬಾವಿ ಪುಸ್ತಕ."

ಕೆಂಪಸಿದ್ದಯ್ಯ ಚಾಪೆ ಬಿಟ್ಟು ಎದ್ದ. ಕೂಗಾಡಿದ. ಯಾರೋ ಸಾಬಿ ಚಾಡಿ ಹೇಳಿದ್ದು ಅಂದ. ಸಭೆಯ ಮಾತು ಬೇರೆ, ಮನೆಯ ಮಾತು ಬೇರೆ ಅಂದ. ಕೊನೆಗೆ ದನಿ ಇಳಿಯಿತು.

"ನನ್ನ ಮಗಳ ಸಂಬಂಧ ಮುರ್ದೋಯ್ತದೆ ಕಣವ್ವ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬಾಗಿಲ ಹಿಂದಿದ್ದ ಅಂಕಮ್ಮನಿಗೆ ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. ಸಾಕು ಬುಡಿ ಅತ್ತೆ ಅನ್ನಬೇಕೆಂದು ಒಂದು ಗಳಿಗೆ ಅನ್ನಿಸಿತು. ಅನ್ನಲಿಲ್ಲ. ತುಳಸಿಕಟ್ಟೆ ಪುಸ್ತಕದ ಹುಡುಗಿ ಇಂಥ ಕಡೆಯಲ್ಲೇ ಒಲ್ಲೆ ಅಂದುಬಿಟ್ಟಿದ್ದಳು.

ಮಂಚಮ್ಮ ಕೋಲೂರಿ ಒಳಗೆ ಬಂದಳು. "ಮುಚ್ಚಿಟ್ಟು ಮದ್ವೆ ಮಾಡ್ತೀಯ. ಆಮೇಲೆ ಅವರ್ಗೆ ಗೊತ್ತಾಗಲ್ವಾ? ಆಗ ಆ ಮಗೀಗೆ ಏನ್ ಗತಿ? ನನ್ನ ಕತೆ ಕೇಳಿ ಓಗೋರು ಈಗ್ಲೇ ಓಗ್ಲಿ. ನಿಮ್ಮಪ್ಪ ನನ್ನ ಸೀರೆ ಕೊಟ್ಟು ಕರ್ಕಂಡು ಬರ್ದಿದ್ರೆ ನೀನೆಲ್ಲಿರ್ತಿದ್ಲಾ ಕೋಟು ಹಾಕ್ಕಳಕ್ಕೆ?"

ಕೆಂಪಸಿದ್ದಯ್ಯ ಚಾಪೆಯ ಕಡ್ಡಿ ಕೀಳುತ್ತ ಕೂತ. ರೈಲಿನ ಹೊತ್ತು ಮೀರುತ್ತಿತ್ತು. ಕೊನೆಗೆ, "ಅವಳೇನಂತಾಳೆ ಕೇಳು" ಅಂದ.

"ಈ ಸಲ ನಾನು ಕೇಳಲ್ಲ. ನೀನೇ ಕೇಳು."

ಅವನು ಬಾಗಿಲ ಕಡೆ ತಿರುಗಿದ. ಅಷ್ಟು ವರ್ಷ ಒಂದೇ ಸೂರಿನ ಸಂಬಂಧವಿದ್ದೂ ಅವಳ ಜೊತೆ ನೇರವಾಗಿ ಒಂದು ಮಾತಾಡಿದವನಲ್ಲ. "ಏನಮ್ಮ?" ಅಂದ.

ಅಂಕಮ್ಮ ಹೊರಗೆ ಬರಲಿಲ್ಲ, ಆದರೆ ಅತ್ತೆಯನ್ನೂ ಕರೆಯಲಿಲ್ಲ.

"ಓಗ್ತೀನಿ ಬಾವ" ಅಂದಳು.

ಆವತ್ತು ಕೂಟದಲ್ಲಿ ಕೆಂಪಸಿದ್ದಯ್ಯ, ಈ ಸಲ ಓದಲಾಗಲಿಲ್ಲ ಅಂತ ಹೇಳಿ ಕೂತನಂತೆ. ಅಲ್ಲಿ ಅವನು ಹೇಳಿದ ಮೊದಲ ನಿಜ ಅದೇ ಇರಬೇಕು.

ಉಡಿಕೆ ಪೂರಿಗಾಲಿಯಲ್ಲಿ ಸದ್ದಿಲ್ಲದೆ ಮುಗಿಯಲಿ ಅಂತ ಅವನು ಎಳೆದಾಡಿದ. ಮಂಚಮ್ಮ ಇದೇ ಅಂಗಳದಲ್ಲಿ ಅಂದಳು, ಇದೇ ಅಂಗಳದಲ್ಲಾಯಿತು. ದೀಪ ಹಚ್ಚಿದ ಮೇಲೆ ಬೋರಯ್ಯನ ಕಡೆಯವರು ನಾಲ್ಕು ಜನ, ಊರಿನ ಕುಲಸ್ಥರು ನಾಲ್ಕು ಜನ ಸೇರಿದರು. ಕೆಂಪಸಿದ್ದಯ್ಯನ ಹೆಂಡತಿ ಮಂಡ್ಯದಿಂದ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಖಾಸಿಂ ಬೇಲಿಯ ಹೊರಗೆ ಗಾಡಿ ಕಟ್ಟಿಕೊಂಡು ಬೀಡಿ ಸೇದುತ್ತಿದ್ದ. ಉಡಿಕೆಯಲ್ಲಿ ತಾಳಿ ಕಟ್ಟಲು ಮುತ್ತೈದೆ ಆಗುವುದಿಲ್ಲ, ಉಡಿಕೆಯಾದವಳೇ ಬೇಕು. ಮಂಚಮ್ಮನೇ ಕಟ್ಟಿದಳು. ಸೊಸೆಯನ್ನು ಮಗನಿಗೆ ತಂದುಕೊಂಡವಳು ಅವಳೇ, ಇನ್ನೊಬ್ಬನಿಗೆ ಕೊಟ್ಟವಳೂ ಅವಳೇ. ಗಂಟು ಜಾರಬಾರದು ಅಂತ ಎರಡು ಸಲ ಜಗ್ಗಿ ಬಿಗಿದಳು.

"ಒಸಿ ಮೆತ್ತಗೆ ಅತ್ತೆ" ಅಂದಳು ಅಂಕಮ್ಮ. "ಕತ್ತು ಮುರ್ದೋದಾತು."

ಮಂಚಮ್ಮ ಅವಳ ಬೆನ್ನಿಗೆ ಒಂದು ಗುದ್ದಿದಳು.

ಗಾಡಿ ಹತ್ತುವ ಹೊತ್ತಿಗೆ ಕೆಂಪಸಿದ್ದಯ್ಯ ಹತ್ತಿರ ಬಂದ. ಕೋಟಿನ ಜೇಬಿನಿಂದ ಒಂದು ಪುಸ್ತಕ ತೆಗೆದು ಬೋರಯ್ಯನ ಕೈಗಿಟ್ಟ. "ಖಾಸಿಂ ಹೆಂಗೂ ಓಡಾಡ್ತಿರ್ತಾನಲ್ಲ. ಓದಾದ್ಮೇಲೆ ಅವನ ಕೈಲಿ ಏನಾರೂ ಹೇಳಿ ಕಳುಸುದ್ರೆ..." ಅಂತ ನಿಲ್ಲಿಸಿದ.

ಬೋರಯ್ಯ ಹೆಂಡತಿಯ ಕಡೆ ನೋಡಿದ. ಅಂಕಮ್ಮ ಸೆರಗು ಸರಿಮಾಡಿಕೊಂಡು ಕೆಂಪಸಿದ್ದಯ್ಯನ ಮುಖವನ್ನೇ ನೋಡಿದಳು. ಅವನ ಮೂಗಿನ ಪಕ್ಕ ಮೊದಲ ಗಂಡ ತಿಮ್ಮಯ್ಯನಿಗಿದ್ದಂಥದೇ ಮಚ್ಚೆ ಇರುವುದನ್ನು ಆವತ್ತೇ ಅವಳು ಕಂಡದ್ದು.

"ಓದ್ತೀನಿ" ಅಂದಳು. "ಬೇಕಾದ್ರೆ ನೀವೇ ಬಂದು ಕೇಳ್ಕಳಿ. ಇನ್ಮೇಲೆ ಬಾಗಿಲ ಹಿಂದಿಂದ ಯೋಳಲ್ಲ."

ಕೆಂಪಸಿದ್ದಯ್ಯನ ಮಗಳ ಆ ಸಂಬಂಧ ಮುರಿಯಿತು, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಎರಡು ವರ್ಷ ಕಳೆದು ಮಳವಳ್ಳಿ ಕಡೆಯ ಒಂದು ಮನೆಗೆ, ಎಲ್ಲ ಹೇಳಿಯೇ ಕೊಟ್ಟರು. ಆ ಮದುವೆಯಲ್ಲಿ ಅಂಕಮ್ಮ ಹಸೆಯಿಂದ ದೂರ, ಮಂಚಮ್ಮನ ಪಕ್ಕ, ಕಂಬದ ಹಿಂದೆ ನಿಂತಿದ್ದಳು. ಸೊಂಟದಲ್ಲಿ ಮಗುವಿತ್ತು. ಅಲ್ಲಿಂದ ಹುಡುಗಿಯ ತಲೆ ಮಾತ್ರ ಕಾಣುತ್ತಿತ್ತು.

ನಲವತ್ತೇಳರಲ್ಲಿ ಜವಾಬ್ದಾರಿ ಸರ್ಕಾರದ ಚಳುವಳಿಗೆ ಬೋರಯ್ಯ ಮತ್ತೆ ಜೈಲಿಗೆ ಹೋದ. ಮನೆಯಲ್ಲಿ ಪುಸ್ತಕ ಅರ್ಧವಾಗಿತ್ತು. ನಾನು ಬರುವವರೆಗೆ ಮುಂದೆ ಓದಬೇಡ ಅಂತ ಹೇಳಿ ಹೋಗಿದ್ದ. ಹುಳ ಜ್ವರಕ್ಕೆ ಕೂತಾಗ ಅವಳು ಕಾಯಲಿಲ್ಲ, ಮುಗಿಸಿದಳು. ಆ ವಾರ ಕೆಂಪಸಿದ್ದಯ್ಯ ಪೂರಿಗಾಲಿಗೆ ಬಂದು ಜಗಲಿಯ ಮೇಲೆ ಕೂತು ಕೇಳಿದ. ಅಂಕಮ್ಮ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತ, "ಬರ್ದೋನು ಬುದ್ಧಿವಂತ. ಆದ್ರೆ ಎಣ್ಣು ಮಕ್ಕಳ್ನ ಎಲ್ಲೂ ಬಾಯಿ ಬುಡ್ಸಿಲ್ಲ. ಹಿಂಗಂತ ಅಂಕಮ್ಮ ಯೋಳುದ್ಲು ಅನ್ನಿ" ಅಂದಳು.

ಕೆಂಪಸಿದ್ದಯ್ಯ ಅನ್ನುತ್ತೇನೆ ಅಂತಲೇ ಹೋದ. ಕೂಟದಲ್ಲಿ ಅವಳ ಹೆಸರು ಹೇಳಿದನೋ ಇಲ್ಲವೋ, ಕೇಳಿ ಬಂದು ಹೇಳಲು ಖಾಸಿಂ ಆವತ್ತು ಮಂಡ್ಯದಲ್ಲಿರಲಿಲ್ಲ.